ಜೆರೂಸಲೇಮಿನ ಬೀದಿಯಿಂದ ನಮ್ಮ ದೇವಾಲಯದ ಗೋಡೆಗೆ

ತಪಸ್ಸುಕಾಲದ ಶುಕ್ರವಾರಗಳಂದು ಸಂಜೆ ನಮ್ಮ ದೇವಾಲಯದೊಳಗೆ ಕಾಲಿಟ್ಟವರಿಗೆ ಒಂದು ದೃಶ್ಯ ಚಿರಪರಿಚಿತ. ಶಿಲುಬೆ ಹಿಡಿದ ಬಾಲಕನೊಬ್ಬ ನಡುವೆ, ಮೇಣದ ಬತ್ತಿ ಹಿಡಿದ ಇಬ್ಬರು ಬಾಲಕರು ಅವನ ಇಕ್ಕೆಲಗಳಲ್ಲಿ, ಹಿಂದೆ ಗುರುಗಳು. ಹೀಗೆ ಅವರು ಗೋಡೆಯ ಮೇಲಿನ ಒಂದು ಚಿತ್ರದಿಂದ ಮತ್ತೊಂದು ಚಿತ್ರಕ್ಕೆ ಮೆಲ್ಲನೆ ಸಾಗುತ್ತಾರೆ. ಪ್ರತಿಯೊಂದು ಚಿತ್ರದ ಎದುರಿಗೂ ಸಭೆಯೆಲ್ಲ ಮೊಣಕಾಲೂರುತ್ತದೆ, ಏಳುತ್ತದೆ, ಮುಂದಿನ ಚಿತ್ರದತ್ತ ಮುಖ ತಿರುಗಿಸುತ್ತದೆ. ಹೀಗೆ ಹದಿನಾಲ್ಕು ಸಲ. ಎಷ್ಟಾಯಿತು, ಇನ್ನೆಷ್ಟು ಉಳಿಯಿತು ಎಂದು ಮಕ್ಕಳು ಬೆರಳು ಮಡಿಸಿ ಎಣಿಸುತ್ತಾರೆ. ವೃದ್ಧರು ಮುಂದಿನ ಬೆಂಚನ್ನು ಆಧಾರವಾಗಿ ಹಿಡಿದು ಕಷ್ಟಪಟ್ಟು ಏಳುತ್ತಾರೆ.

ಒಂದೇ ಸ್ಥಳದಲ್ಲಿ ಕುಳಿತು ಹೇಳಬಹುದಾದ ಪ್ರಾರ್ಥನೆಗಾಗಿ ಈ ನಡಿಗೆ ಏತಕ್ಕೆ? ಚಿತ್ರಗಳು ಹದಿನಾಲ್ಕೇ ಏಕೆ? ಲೋಕದ ಯಾವ ಮೂಲೆಯ ಕಥೋಲಿಕ ದೇವಾಲಯಕ್ಕೆ ಹೋದರೂ ಇವು ಗೋಡೆಯ ಮೇಲೆ ಇದ್ದೇ ಇರುವುದಕ್ಕೆ ಕಾರಣವೇನು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೊರಟವನು ಕ್ರೈಸ್ತ ತೀರ್ಥಯಾತ್ರೆಯ ಹದಿನಾರು ಶತಮಾನಗಳ ಚರಿತ್ರೆಯನ್ನೇ ಹಾದುಹೋಗಬೇಕಾಗುತ್ತದೆ. ಏಕೆಂದರೆ ಶಿಲುಬೆಯ ಹಾದಿ ಎಂಬುದು ಮೂಲತಃ ಒಂದು ಯಾತ್ರೆ. ಪವಿತ್ರ ನಾಡಿಗೆ ಹೋಗಲಾರದವರ ಯಾತ್ರೆ.

ಈ ಧರ್ಮಕೇಂದ್ರದ ಶತಮಾನೋತ್ಸವದ ಶುಭ ಸಂದರ್ಭದಲ್ಲಿ ಈ ವಿಚಾರ ಸ್ಮರಣಾರ್ಹವೆಂದು ನನಗೆ ತೋರುತ್ತದೆ. ಕಳೆದ ನೂರು ವರ್ಷಗಳಲ್ಲಿ ಇಲ್ಲಿ ಮೊಣಕಾಲೂರಿದ ನಮ್ಮ ಹಿರಿಯರಲ್ಲಿ ಜೆರೂಸಲೇಮನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ ಇದ್ದಾರು? ಹೊಲ ಗದ್ದೆಗಳನ್ನೂ ದನಕರುಗಳನ್ನೂ ಬಿಟ್ಟು ಪಕ್ಕದ ಜಿಲ್ಲೆಗೆ ಹೋಗುವುದೇ ದುಸ್ತರವಾಗಿದ್ದ ಜನ ಅವರು. ಪ್ರಭುವಿನ ಪಾದಸ್ಪರ್ಶವಾದ ನೆಲವನ್ನು ನೋಡದೆ ಕಣ್ಣುಮುಚ್ಚಿದ ಅವರು ಏನನ್ನಾದರೂ ಕಳೆದುಕೊಂಡರೇ? ಈ ಪ್ರಶ್ನೆ ಹೊಸದಲ್ಲ. ನಾಲ್ಕನೆಯ ಶತಮಾನದಲ್ಲಿಯೇ ಧರ್ಮಸಭೆಯ ಮಹಾಮತಿಗಳು ಇದನ್ನು ಎತ್ತಿ ಚರ್ಚಿಸಿದ್ದರು.

ಬರಿದಾದ ಸಮಾಧಿಯ ಕಡೆಗೆ

ಕ್ರಿ.ಶ. 70ರಲ್ಲಿ ರೋಮನ್ ದಂಡನಾಯಕ ತೀತನ ಸೈನ್ಯ ಜೆರೂಸಲೇಮನ್ನು ನೆಲಸಮ ಮಾಡಿತು. 135ರಲ್ಲಿ ಯೆಹೂದ್ಯರ ಎರಡನೆಯ ಮಹಾಬಂಡಾಯವನ್ನು ಅಡಗಿಸಿದ ಚಕ್ರವರ್ತಿ ಹೇಡ್ರಿಯನ್, ಆ ನಗರದ ಹೆಸರನ್ನೇ ಅಳಿಸಿ ಅದಕ್ಕೆ ಏಲಿಯಾ ಕಪಿತೊಲಿನಾ ಎಂಬ ಹೊಸ ಹೆಸರಿಟ್ಟನು. ಪ್ರಭುವಿನ ಸಮಾಧಿಯ ಸ್ಥಳವನ್ನು ಮಣ್ಣಿನಿಂದ ಮುಚ್ಚಿ ಅದರ ಮೇಲೆ ವೀನಸ್ ದೇವತೆಯ ಗುಡಿಯನ್ನು ಕಟ್ಟಲಾಗಿತ್ತೆಂದು ಚರಿತ್ರಕಾರ ಯುಸೇಬಿಯಸ್ ಬರೆದಿಡುತ್ತಾನೆ. ಆದರೂ ವಿಶ್ವಾಸಿಗಳ ನೆನಪು ಅಳಿಯಲಿಲ್ಲ. ಎರಡನೆಯ ಶತಮಾನದಲ್ಲಿ ಸಾರ್ದಿಸ್ ನಗರದ ಧರ್ಮಾಧ್ಯಕ್ಷ ಮೆಲಿಟೋ, ಹಳೆಯ ಒಡಂಬಡಿಕೆಯ ಗ್ರಂಥಗಳು ಯಾವುವೆಂಬುದನ್ನು ಖಚಿತಪಡಿಸಿಕೊಳ್ಳಲು ಆ ನಾಡಿಗೆ ಪಯಣಿಸಿದರು. ಮೂರನೆಯ ಶತಮಾನದ ಓರಿಜೆನ್, ಬೆತ್ಲೆಹೇಮಿನಲ್ಲಿ ಯೇಸು ಜನಿಸಿದ ಗವಿಯನ್ನು ಜನ ತೋರಿಸುತ್ತಿದ್ದರೆಂದು ತಿಳಿಸುತ್ತಾನೆ.

313ರಲ್ಲಿ ಕ್ರೈಸ್ತರಿಗೆ ಧಾರ್ಮಿಕ ಸ್ವಾತಂತ್ರ್ಯ ದೊರೆತ ಮೇಲೆ ಎಲ್ಲವೂ ಬದಲಾಯಿತು. 325ರ ನೀಸೇಯ ಮಹಾಸಭೆಯ ಬಳಿಕ ಚಕ್ರವರ್ತಿ ಕಾನ್‌ಸ್ಟಂಟೈನನ ಆಜ್ಞೆಯಂತೆ ಆ ಗುಡಿಯನ್ನು ತೆಗೆದು ನೆಲವನ್ನು ಅಗೆಯಲಾಯಿತು. ಬಂಡೆಯಲ್ಲಿ ಕೊರೆದ ಸಮಾಧಿಯೊಂದು ಬೆಳಕಿಗೆ ಬಂತು. ಅದರ ಸುತ್ತ ಎದ್ದು ನಿಂತ ಭವ್ಯ ದೇವಾಲಯ 335ರಲ್ಲಿ ಪ್ರತಿಷ್ಠಾಪನೆಗೊಂಡಿತು. ಚಕ್ರವರ್ತಿಯ ತಾಯಿ ಸಂತ ಹೆಲೆನಾ ತಮ್ಮ ಇಳಿವಯಸ್ಸಿನಲ್ಲಿ ಈ ಪ್ರವಾಸ ಕೈಗೊಂಡು, ಬೆತ್ಲೆಹೇಮಿನಲ್ಲಿಯೂ ಓಲಿವ್ ಗುಡ್ಡದಲ್ಲಿಯೂ ದೇವಾಲಯಗಳು ಏಳುವಂತೆ ಮಾಡಿದರು. ಪವಿತ್ರ ಶಿಲುಬೆಯನ್ನು ಕಂಡುಹಿಡಿದವರು ಅವರೇ ಎಂಬ ಪರಂಪರೆ ಆ ಶತಮಾನದ ಕೊನೆಯ ಹೊತ್ತಿಗೆ ಪ್ರಸಿದ್ಧಿಗೆ ಬಂತು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಮಹಾಪುರುಷರ ಸಮಾಧಿಗೆ ಜನ ಹೋಗುವುದು ಅವರ ಅವಶೇಷ ಅಲ್ಲಿದೆ ಎಂಬ ಕಾರಣಕ್ಕೆ. ಕ್ರೈಸ್ತ ಯಾತ್ರಿಕ ಜೆರೂಸಲೇಮಿಗೆ ಹೋಗುವುದು ಬರಿದಾದ ಒಂದು ಸಮಾಧಿಯನ್ನು ನೋಡಲು. ಪ್ರಭು ಅಲ್ಲಿ ಇಲ್ಲ ಎಂಬುದೇ ಆ ಸ್ಥಳದ ಮಹಿಮೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಚರಿತ್ರೆಯೆಲ್ಲ ಸ್ಪಷ್ಟವಾಗುತ್ತದೆ.

ಒಬ್ಬ ಮಹಿಳೆಯ ಪತ್ರ

ಪವಿತ್ರ ನಾಡಿನ ಯಾತ್ರಾವರದಿಗಳಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯದು 333ರದು. ಫ್ರಾನ್ಸ್ ದೇಶದ ಬೋರ್ಡೋ ನಗರದಿಂದ ಹೊರಟ ಅನಾಮಧೇಯ ಯಾತ್ರಿಕನೊಬ್ಬ ದಾರಿಯುದ್ದಕ್ಕೂ ಊರುಗಳನ್ನೂ ಕುದುರೆ ಬದಲಿಸುವ ತಾಣಗಳನ್ನೂ ಅವುಗಳ ನಡುವಿನ ದೂರವನ್ನೂ ಬರೆದುಕೊಂಡು ಹೋಗಿದ್ದಾನೆ. ಅದು ಹೆಚ್ಚಾಗಿ ಹಾದಿಯ ಲೆಕ್ಕ.

ಹಾದಿಯ ಲೆಕ್ಕಕ್ಕೆ ಹೃದಯದ ಮಾತನ್ನು ಸೇರಿಸಿದವಳು ಎಜೀರಿಯಾ ಎಂಬ ಮಹಿಳೆ. ಯೂರೋಪಿನ ಪಶ್ಚಿಮದ ಅಂಚಿನಿಂದ ಬಂದ ಈಕೆ 381ರಿಂದ 384ರವರೆಗೆ ಆ ನಾಡಿನಲ್ಲಿ ಸಂಚರಿಸಿದಳು. ಸೀನಾಯಿ ಬೆಟ್ಟದ ಕಡಿದಾದ ಏರನ್ನು ಕಾಲ್ನಡಿಗೆಯಲ್ಲಿ ಹತ್ತಿದಳು. ಮೋಶೆ ವಾಗ್ದತ್ತ ನಾಡನ್ನು ದೂರದಿಂದ ಕಂಡ ನೆಬೋ ಶಿಖರವನ್ನು ಏರಿದಳು. ಹೋದ ಹೋದ ಕಡೆಯಲ್ಲೆಲ್ಲ ಆ ಸ್ಥಳಕ್ಕೆ ಸಂಬಂಧಿಸಿದ ಪವಿತ್ರ ಗ್ರಂಥದ ಭಾಗವನ್ನು ಅಲ್ಲಿಯೇ ಓದಿಸಿ ಪ್ರಾರ್ಥನೆ ಮಾಡುವುದು ಆಕೆಯ ಕ್ರಮವಾಗಿತ್ತು. ಶತಮಾನಗಳ ಕಾಲ ಮರೆಯಾಗಿದ್ದ ಆಕೆಯ ಬರಹವನ್ನು 1884ರಲ್ಲಿ ಇಟಲಿಯ ಅರೆಜ್ಜೋ ನಗರದಲ್ಲಿ ವಿದ್ವಾಂಸ ಗಾಮುರ್ರಿನಿ ಒಂದು ಹಸ್ತಪ್ರತಿಯಲ್ಲಿ ಪತ್ತೆ ಹಚ್ಚಿದರು. ಅದರ ಆದಿಯೂ ಅಂತ್ಯವೂ ಕಳೆದುಹೋಗಿವೆ.

ಜೆರೂಸಲೇಮಿನ ಪವಿತ್ರ ವಾರವನ್ನು ಆಕೆ ವರ್ಣಿಸಿರುವುದನ್ನು ಓದಿದರೆ ನಮ್ಮದೇ ಊರಿನ ವರ್ಣನೆಯಂತೆ ತೋರುತ್ತದೆ. ಗರಿಗಳ ಭಾನುವಾರ ಜನರೆಲ್ಲ ಓಲಿವ್ ಗುಡ್ಡದಿಂದ ಇಳಿದು ಬರುತ್ತಾರೆ. ನಡೆಯಲಾರದ ಹಸುಳೆಗಳನ್ನು ತಂದೆತಾಯಂದಿರು ಎತ್ತಿಕೊಂಡಿರುತ್ತಾರೆ. ಕೆಲವರ ಕೈಯಲ್ಲಿ ತಾಳೆಗರಿ, ಕೆಲವರ ಕೈಯಲ್ಲಿ ಓಲಿವ್ ಕೊಂಬೆ. ಶುಭ ಶುಕ್ರವಾರದಂದು ಶಿಲುಬೆಯ ಮರವನ್ನು ಮುದ್ದಿಡಲು ಜನ ಸಾಲಾಗಿ ಬರುವಾಗ ಧರ್ಮಾಧ್ಯಕ್ಷರು ಅದನ್ನು ಎರಡೂ ಕೈಗಳಿಂದ ಭದ್ರವಾಗಿ ಹಿಡಿದಿರುತ್ತಾರೆ, ಸುತ್ತಲೂ ಸಹಾಯಕರು ಕಾವಲಿರುತ್ತಾರೆ. ಹಿಂದೆ ಯಾರೋ ಒಬ್ಬ ಮುದ್ದಿಡುವ ನೆಪದಲ್ಲಿ ಮರದ ಚೂರೊಂದನ್ನು ಕಚ್ಚಿಕೊಂಡು ಹೋಗಿದ್ದನಂತೆ! ಅಂದು ಮಧ್ಯಾಹ್ನದಿಂದ ಮೂರು ಗಂಟೆಯವರೆಗೆ ಪ್ರಭುವಿನ ಯಾತನೆಯ ವೃತ್ತಾಂತವನ್ನು ಓದುವಾಗ ಹಿರಿಯರೂ ಕಿರಿಯರೂ ಬಿಕ್ಕಿ ಬಿಕ್ಕಿ ಅಳುತ್ತಿದ್ದರೆಂದು ಆಕೆ ಬರೆಯುತ್ತಾಳೆ.

ಇನ್ನೊಂದು ಸಂಗತಿಯೂ ಉಲ್ಲೇಖನೀಯ. ಧರ್ಮಾಧ್ಯಕ್ಷರು ಗ್ರೀಕ್ ಭಾಷೆಯಲ್ಲಿ ಮಾತನಾಡಿದರೆ, ಗುರುವೊಬ್ಬರು ಪಕ್ಕದಲ್ಲಿ ನಿಂತು ಅದನ್ನು ಸಿರಿಯಾಕ್ ಭಾಷೆಯಲ್ಲಿ ತಿಳಿಸುತ್ತಿದ್ದರು. ಲತೀನ್ ಮಾತ್ರ ಬಲ್ಲವರಿಗೆ ಎರಡೂ ಭಾಷೆ ಬಲ್ಲವರು ವಿವರಿಸುತ್ತಿದ್ದರು. ಜನರ ಮಾತಿನಲ್ಲಿ ಜನರ ಪ್ರಾರ್ಥನೆ ಎಂಬ ಕಾಳಜಿ ಅಷ್ಟು ಹಳೆಯದು. ಎರಡನೆಯ ವ್ಯಾಟಿಕನ್ ಮಹಾಸಭೆಯ 1963ರ ತೀರ್ಮಾನದ ಬಳಿಕ ಕನ್ನಡದಲ್ಲಿ ಬಲಿಪೂಜೆಯನ್ನು ಕೇಳುವ ಭಾಗ್ಯ ಪಡೆದ ನಮಗೆ ಇದು ಸಂತೋಷದ ವಿಷಯ.

ಆದರೆ ಎಜೀರಿಯಾಳ ಬರಹದ ನಿಜವಾದ ಬೆಲೆ ಬೇರೊಂದರಲ್ಲಿದೆ. ಆಕೆ ಅದನ್ನು ಬರೆದದ್ದು ತನ್ನ ಊರಿನಲ್ಲಿ ಉಳಿದಿದ್ದ ಸಹೋದರಿಯರಿಗಾಗಿ. ನೀವು ಬರಲಾಗಲಿಲ್ಲ, ನಾನು ಕಂಡದ್ದನ್ನು ನೀವೂ ಕಾಣಿರಿ ಎಂಬ ಭಾವ ಅದರ ಉದ್ದಕ್ಕೂ ಇದೆ. ಶಿಲುಬೆಯ ಹಾದಿಯ ಬೀಜ ಬಿದ್ದದ್ದು ಇಂಥ ಪ್ರೀತಿಯಲ್ಲಿ ಎನ್ನಬಹುದು.

ಹೋಗಲೇಬೇಕೇ?

ಅದೇ ಕಾಲದಲ್ಲಿ ಜೆರೂಸಲೇಮನ್ನು ಸ್ವತಃ ಕಂಡು ಬಂದಿದ್ದ ನೀಸಾ ನಗರದ ಸಂತ ಗ್ರೆಗೊರಿ ತಮ್ಮ ಪತ್ರವೊಂದರಲ್ಲಿ ಕಟುವಾದ ಮಾತುಗಳನ್ನಾಡಿದರು. ಸ್ಥಳ ಬದಲಿಸಿದ ಮಾತ್ರಕ್ಕೆ ದೇವರು ಹತ್ತಿರವಾಗುವುದಿಲ್ಲ. ಸ್ವರ್ಗರಾಜ್ಯಕ್ಕೆ ಯೋಗ್ಯರಾದವರನ್ನು ಹೆಸರಿಸುವಾಗ ಪ್ರಭು ಜೆರೂಸಲೇಮಿನ ಯಾತ್ರೆಯನ್ನು ಸೇರಿಸಲಿಲ್ಲ. ಕಳ್ಳತನ, ಕೊಲೆ ಮೊದಲಾದ ಪಾಪಗಳಿಗೆ ಆ ನಗರದಲ್ಲಿಯೂ ಕೊರತೆಯಿಲ್ಲ ಎಂಬುದು ಅವರ ವಾದದ ಸಾರ.

386ರಿಂದ ತಮ್ಮ ಮರಣದವರೆಗೆ ಬೆತ್ಲೆಹೇಮಿನಲ್ಲಿಯೇ ನೆಲೆಸಿ, ಅಲ್ಲಿಯೇ ಪವಿತ್ರ ಗ್ರಂಥದ ಲತೀನ್ ಅನುವಾದದಲ್ಲಿ ತೊಡಗಿದ್ದ ಸಂತ ಜೆರೋಮರದು ಇನ್ನೂ ಸ್ವಾರಸ್ಯಕರ ನಿಲುವು. ಪವಿತ್ರ ಸ್ಥಳಗಳನ್ನು ಅವರು ಪ್ರಾಣದಂತೆ ಪ್ರೀತಿಸಿದರು. ಆದರೂ ಪೌಲಿನಸ್ ಎಂಬ ಮಿತ್ರರು ಸಲಹೆ ಕೇಳಿದಾಗ, ಜೆರೂಸಲೇಮನ್ನು ನೋಡಿರುವುದು ದೊಡ್ಡದಲ್ಲ, ಅಲ್ಲಿ ಒಳ್ಳೆಯ ಬಾಳು ಬಾಳಿರುವುದು ದೊಡ್ಡದು ಎಂಬ ಅರ್ಥದ ಉತ್ತರ ಬರೆದರು. ಸ್ವರ್ಗದ ಅಂಗಳ ಜೆರೂಸಲೇಮಿನಿಂದ ಎಷ್ಟು ದೂರವೋ ಬ್ರಿಟನ್ನಿನಿಂದಲೂ ಅಷ್ಟೇ ದೂರವೆಂದರು. ಪಾಲಸ್ತೀನದಲ್ಲಿಯೇ ಹುಟ್ಟಿ ಅಲ್ಲಿಯೇ ವಾಸಿಸುತ್ತಿದ್ದ ತಪಸ್ವಿ ಸಂತ ಹಿಲೇರಿಯನ್ ಜೆರೂಸಲೇಮನ್ನು ನೋಡಿದ್ದು ಒಂದೇ ಒಂದು ದಿನ ಎಂಬುದನ್ನು ಉದಾಹರಣೆಯಾಗಿ ಕೊಟ್ಟರು. ಹತ್ತಿರವಿದ್ದೂ ಒಮ್ಮೆಯೂ ಹೋಗದಿದ್ದರೆ ಪವಿತ್ರ ಸ್ಥಳವನ್ನು ತಿರಸ್ಕರಿಸಿದಂತೆ. ಸದಾ ಅಲ್ಲಿಯೇ ಇದ್ದರೆ ದೇವರನ್ನು ಒಂದು ಸ್ಥಳಕ್ಕೆ ಕಟ್ಟಿಹಾಕಿದಂತೆ. ಇವೆರಡರ ನಡುವಿನ ಹದವನ್ನು ಆ ತಪಸ್ವಿ ಅರಿತಿದ್ದರು.

ರಕ್ತದ ಕಲೆ, ಶಾಂತಿಯ ಹೆಜ್ಜೆ

ಈ ಹದ ತಪ್ಪಿದಾಗ ಏನಾಗುತ್ತದೆಂಬುದಕ್ಕೂ ಚರಿತ್ರೆ ಸಾಕ್ಷಿಯಾಗಿದೆ. 614ರಲ್ಲಿ ಪಾರಸಿಕರ ದಾಳಿಗೆ ಸಿಕ್ಕಿ ಪವಿತ್ರ ಸಮಾಧಿಯ ದೇವಾಲಯ ಬೆಂಕಿಗೆ ಆಹುತಿಯಾಯಿತು. 638ರ ಸುಮಾರಿಗೆ ನಗರ ಖಲೀಫ ಉಮರರ ವಶವಾದ ಬಳಿಕವೂ ಯಾತ್ರೆ ನಿಲ್ಲಲಿಲ್ಲ. 1009ರಲ್ಲಿ ಈಜಿಪ್ಟಿನ ಖಲೀಫ ಹಾಕಿಮನ ಆಜ್ಞೆಯಂತೆ ದೇವಾಲಯ ನಾಶವಾಯಿತು. 1048ರ ವೇಳೆಗೆ ಪೂರ್ವದ ಕ್ರೈಸ್ತ ಚಕ್ರವರ್ತಿ ಅದನ್ನು ಮತ್ತೆ ಕಟ್ಟಿಸಿದನು. 1099ರಲ್ಲಿ ಶಿಲುಬೆಯ ಗುರುತು ಧರಿಸಿದ ಯೂರೋಪಿನ ಯೋಧರು ಜೆರೂಸಲೇಮನ್ನು ಗೆದ್ದುಕೊಂಡು, ಅಲ್ಲಿದ್ದ ಮುಸಲ್ಮಾನರನ್ನೂ ಯೆಹೂದ್ಯರನ್ನೂ ನಿರ್ದಯವಾಗಿ ಕೊಂದರು. ಶತ್ರುಗಳಿಗಾಗಿ ಪ್ರಾರ್ಥಿಸುತ್ತ ಪ್ರಾಣಬಿಟ್ಟವನ ಸಮಾಧಿಗೆ ಅವರು ರಕ್ತಸಿಕ್ತ ಕೈಗಳೊಂದಿಗೆ ಹೋದರು. ಕ್ರೈಸ್ತರಾದ ನಾವು ಈ ಪುಟವನ್ನು ಮಡಿಸಿ ಮುಚ್ಚಿಡಬಾರದು. ಸ್ಥಳ ದೊಡ್ಡದಾಗಿ, ಆ ಸ್ಥಳದ ಒಡೆಯ ಚಿಕ್ಕವನಾದಾಗ ತೀರ್ಥಯಾತ್ರೆ ದಂಡಯಾತ್ರೆಯಾಗುತ್ತದೆ.

1187ರಲ್ಲಿ ಸುಲ್ತಾನ ಸಲಾದೀನನು ನಗರವನ್ನು ಮರಳಿ ಪಡೆದನು. 1192ರ ಒಪ್ಪಂದದಂತೆ ನಿರಾಯುಧರಾಗಿ ಬರುವ ಕ್ರೈಸ್ತ ಯಾತ್ರಿಕರಿಗೆ ಅವನು ದಾರಿ ಬಿಟ್ಟುಕೊಟ್ಟನೆಂಬುದು ಸ್ಮರಣೀಯ. 1219ರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಅಸ್ಸೀಸಿಯ ಸಂತ ಫ್ರಾನ್ಸಿಸರು ಈಜಿಪ್ಟಿನ ದಮಿಯೆಟ್ಟಾ ಬಳಿ ಬರಿಗೈಯಲ್ಲಿ ಶತ್ರುಪಾಳೆಯವನ್ನು ಹೊಕ್ಕು ಸುಲ್ತಾನ ಮಲಿಕ್ ಅಲ್ ಕಾಮಿಲನನ್ನು ಕಂಡರು. ಸುಲ್ತಾನನು ಅವರನ್ನು ಗೌರವದಿಂದ ಬರಮಾಡಿಕೊಂಡು ಸುರಕ್ಷಿತವಾಗಿ ಕಳುಹಿಸಿಕೊಟ್ಟನು. ಕತ್ತಿ ಹಿಡಿದವರು ಕಾಲಕ್ರಮದಲ್ಲಿ ಆ ನಾಡಿನಿಂದ ಹೊರಬಿದ್ದರು. 1291ರಲ್ಲಿ ಅವರ ಕೊನೆಯ ದೊಡ್ಡ ಕೋಟೆಯಾದ ಏಕರ್ ಕೂಡ ಬಿದ್ದುಹೋಯಿತು. ಬರಿಗಾಲಿನ ಫ್ರಾನ್ಸಿಸ್ಕನ್ ಸನ್ಯಾಸಿಗಳಾದರೋ ಅಲ್ಲಿ ಬೇರೂರಿದರು. 1342ರಲ್ಲಿ ಜಗದ್ಗುರು ಆರನೆಯ ಕ್ಲೆಮೆಂಟರು ಪವಿತ್ರ ಸ್ಥಳಗಳ ಪಾಲನೆಯನ್ನು ಆ ಸನ್ಯಾಸಿಗಳಿಗೆ ಅಧಿಕೃತವಾಗಿ ಒಪ್ಪಿಸಿದರು. ಅಂದಿನಿಂದ ದೂರದಿಂದ ಬಂದ ಯಾತ್ರಿಕರಿಗೆ ಆಶ್ರಯವಿತ್ತು, ಪ್ರಭು ನಡೆದ ಹಾದಿಯನ್ನು ತೋರಿಸುವ ಸೇವೆ ಅವರ ಪಾಲಿಗೆ ಬಂತು.

ಹೋಗಲಾರದವರಿಗಾಗಿ

ಯಾತ್ರೆಯೇನೋ ಸಾಧ್ಯವಾಯಿತು. ಆದರೆ ಯಾರಿಗೆ? ವೆನಿಸ್ ಬಂದರಿನಿಂದ ಹಡಗು ಹತ್ತಲು ಹಣ ಬೇಕು. ಕಡಲ್ಗಳ್ಳರ ಭಯ, ರೋಗದ ಭಯ. ಹೊರಟವರಲ್ಲಿ ಹಿಂದಿರುಗದವರು ಅನೇಕರು. ರೈತನಿಗೆ, ಬಡವನಿಗೆ, ಹಾಸಿಗೆ ಹಿಡಿದವನಿಗೆ, ಮಠದ ಆವರಣ ದಾಟಲಾರದ ಸನ್ಯಾಸಿನಿಗೆ ಅದು ಗಗನಕುಸುಮ. ಹೋಗಿ ಬಂದವರು ಇವರನ್ನು ಮರೆಯಲಿಲ್ಲ.

ಸ್ಪೇನಿನ ಡೊಮಿನಿಕನ್ ಗುರು ಧನ್ಯ ಅಲ್ವಾರೋ, ಪವಿತ್ರ ನಾಡಿನಿಂದ ಮರಳಿದ ಮೇಲೆ ಕೋರ್ದೊವಾ ನಗರದ ಬಳಿಯ ತಮ್ಮ ಮಠದ ಗುಡ್ಡದಲ್ಲಿ ಅಲ್ಲಿನ ದೃಶ್ಯಗಳನ್ನು ನೆನಪಿಸುವ ಪುಟ್ಟ ಪ್ರಾರ್ಥನಾಲಯಗಳನ್ನು ಕಟ್ಟಿಸಿದರು. ಜರ್ಮನಿಯ ಉಲ್ಮ್ ನಗರದ ಫೆಲಿಕ್ಸ್ ಫಾಬ್ರಿ 1480ರಲ್ಲಿಯೂ 1483ರಲ್ಲಿಯೂ ಯಾತ್ರೆ ಮಾಡಿದರು. ಮಠದೊಳಗೇ ಇರುವ ಸನ್ಯಾಸಿನಿಯರು ಅವರ ಬಳಿ ಮಾರ್ಗದರ್ಶನ ಬೇಡಿದಾಗ, ದಿನದಿನವೂ ಇಷ್ಟಿಷ್ಟು ದೂರ ಮನಸ್ಸಿನಲ್ಲಿಯೇ ಪ್ರಯಾಣ ಮಾಡುತ್ತ ಜೆರೂಸಲೇಮನ್ನು ಸೇರುವಂತೆ ಒಂದು ಗ್ರಂಥವನ್ನು ಅವರಿಗಾಗಿ ರಚಿಸಿಕೊಟ್ಟರು. ಇಟಲಿಯ ವರಾಲ್ಲೋ ಎಂಬಲ್ಲಿ, ಪವಿತ್ರ ನಾಡಿನಲ್ಲಿ ಸೇವೆ ಸಲ್ಲಿಸಿ ಬಂದಿದ್ದ ಫ್ರಾನ್ಸಿಸ್ಕನ್ ಗುರು ಬೆರ್ನಾರ್ದಿನೋ ಕಾಯಿಮಿ, ಹದಿನೈದನೆಯ ಶತಮಾನದ ಕೊನೆಯಲ್ಲಿ ಒಂದು ಬೆಟ್ಟವನ್ನೇ ಹೊಸ ಜೆರೂಸಲೇಮಾಗಿ ಮಾರ್ಪಡಿಸಲು ಆರಂಭಿಸಿದರು.

ಆಗಿನ್ನೂ ನಿಲುಗಡೆಗಳ ಸಂಖ್ಯೆ ನಿಶ್ಚಿತವಾಗಿರಲಿಲ್ಲ. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಶಿಲ್ಪಿ ಆಡಂ ಕ್ರಾಫ್ಟ್ ಕೆತ್ತಿದ ಪ್ರಸಿದ್ಧ ಹಾದಿಯಲ್ಲಿ ಇದ್ದವು ಏಳು. 1458ರಲ್ಲಿ ಜೆರೂಸಲೇಮಿಗೆ ಹೋಗಿದ್ದ ಆಂಗ್ಲ ಗುರು ವಿಲಿಯಂ ವೇ ಹದಿನಾಲ್ಕು ಸ್ಥಳಗಳನ್ನು ಪಟ್ಟಿ ಮಾಡಿದರೂ ಅವುಗಳಲ್ಲಿ ನಮ್ಮ ಇಂದಿನ ಹದಿನಾಲ್ಕಕ್ಕೆ ಹೊಂದುವುವು ಕೆಲವೇ. ಅಷ್ಟೇ ಅಲ್ಲ, ಆಗಿನ ಯಾತ್ರಿಕರು ನಡೆಯುತ್ತಿದ್ದುದು ಕಲ್ವಾರಿಯಿಂದ ಪಿಲಾತನ ಮನೆಯ ಕಡೆಗೆ, ಅಂದರೆ ಹಿಂದುಮುಂದಾಗಿ!

ಹಾಗಾದರೆ ಇಂದಿನ ಕ್ರಮ ಎಲ್ಲಿಂದ ಬಂತು? 1584ರಲ್ಲಿ ಡಚ್ ಗುರು ಆದ್ರಿಕೋಮಿಯಸ್, ಯೇಸುವಿನ ಕಾಲದ ಜೆರೂಸಲೇಮನ್ನು ವಿವರಿಸುವ ಗ್ರಂಥವೊಂದನ್ನು ಪ್ರಕಟಿಸಿದರು. ಪಿಲಾತನ ತೀರ್ಪಿನಿಂದ ಹಿಡಿದು ಪ್ರಭುವಿನ ಮರಣದವರೆಗೆ ಅವರು ಕೊಟ್ಟ ಹನ್ನೆರಡು ನಿಲುಗಡೆಗಳೇ ನಮ್ಮ ಮೊದಲ ಹನ್ನೆರಡು. ಆ ಗ್ರಂಥ ಹಲವು ಭಾಷೆಗಳಿಗೆ ಅನುವಾದವಾಗಿ ಮನೆಮನೆಗೂ ತಲುಪಿತು. ಅಚ್ಚರಿಯ ಸಂಗತಿಯೆಂದರೆ ಆದ್ರಿಕೋಮಿಯಸ್ ಜೆರೂಸಲೇಮನ್ನು ಕಂಡವರೇ ಅಲ್ಲ; ಇತರರ ಬರಹಗಳನ್ನು ಓದಿ, ಧ್ಯಾನಿಸಿ ಬರೆದವರು. ಮುಂದೆ ಯೂರೋಪಿನಿಂದ ಹೋದ ಯಾತ್ರಿಕರು ತಾವು ಊರಿನಲ್ಲಿ ಕಲಿತಿದ್ದ ನಿಲುಗಡೆಗಳನ್ನೇ ಜೆರೂಸಲೇಮಿನ ಬೀದಿಯಲ್ಲಿ ಅರಸಿದರು. ಕಾಲಾನಂತರ ಅಲ್ಲಿಯೂ ಇದೇ ಕ್ರಮ ನೆಲೆಗೊಂಡಿತು. ಹೋಗಲಾರದವರ ಭಕ್ತಿ ಹೋದವರಿಗೇ ದಾರಿ ತೋರಿತು!

ಹದಿನಾಲ್ಕು ಮರದ ಶಿಲುಬೆಗಳು

1686ರಲ್ಲಿ ಜಗದ್ಗುರು ಹನ್ನೊಂದನೆಯ ಇನ್ನೊಸೆಂಟರು, ಫ್ರಾನ್ಸಿಸ್ಕನ್ನರು ತಮ್ಮ ದೇವಾಲಯಗಳಲ್ಲಿ ಶಿಲುಬೆಯ ಹಾದಿಯನ್ನು ಸ್ಥಾಪಿಸಬಹುದೆಂದೂ, ಜೆರೂಸಲೇಮಿನ ಯಾತ್ರೆಗೆ ಸಲ್ಲುವ ದಂಡವಿಮೋಚನೆಯ ವರಗಳು ಅಲ್ಲಿ ಪ್ರಾರ್ಥಿಸುವ ಆ ಸಭೆಯವರಿಗೂ ಸಲ್ಲುವುವೆಂದೂ ಅನುಗ್ರಹಿಸಿದರು. 1726ರಲ್ಲಿ ಹದಿಮೂರನೆಯ ಬೆನೆಡಿಕ್ಟರು ಅದನ್ನು ಸಮಸ್ತ ವಿಶ್ವಾಸಿಗಳಿಗೂ ವಿಸ್ತರಿಸಿದರು. 1731ರಲ್ಲಿ ಹನ್ನೆರಡನೆಯ ಕ್ಲೆಮೆಂಟರು ಎಲ್ಲ ದೇವಾಲಯಗಳಲ್ಲಿಯೂ ಇದರ ಸ್ಥಾಪನೆಗೆ ಅನುಮತಿಯಿತ್ತು, ನಿಲುಗಡೆಗಳ ಸಂಖ್ಯೆಯನ್ನು ಹದಿನಾಲ್ಕು ಎಂದು ನಿಗದಿ ಮಾಡಿದರು. 1742ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟರು ಇದನ್ನು ತಮ್ಮ ತಮ್ಮ ದೇವಾಲಯಗಳಲ್ಲಿ ನೆಲೆಗೊಳಿಸುವಂತೆ ಗುರುಗಳನ್ನು ಪ್ರೋತ್ಸಾಹಿಸಿದರು. ಫ್ರಾನ್ಸಿಸ್ಕನ್ ಸಂತ ಪೋರ್ಟ್ ಮೌರಿಸಿನ ಲಿಯೊನಾರ್ಡರು ಇಟಲಿಯಾದ್ಯಂತ ಕಾಲ್ನಡಿಗೆಯಲ್ಲಿ ಸುತ್ತಿ 572 ಕಡೆಗಳಲ್ಲಿ ಶಿಲುಬೆಯ ಹಾದಿಯನ್ನು ಸ್ಥಾಪಿಸಿದರೆಂದು ಪ್ರತೀತಿ. 1750ರಲ್ಲಿ ಅವರು ರೋಮಿನ ಕೊಲೊಸಿಯಮ್ ರಂಗಸ್ಥಳದಲ್ಲಿ ಅದನ್ನು ಸ್ಥಾಪಿಸಿದ್ದು ಚಿರಸ್ಮರಣೀಯ.

ಒಂದು ಸಣ್ಣ ವಿವರವನ್ನು ಅನೇಕರು ಗಮನಿಸಿರಲಾರರು. ಧರ್ಮಸಭೆಯ ನಿಯಮದಂತೆ ಶಿಲುಬೆಯ ಹಾದಿಗೆ ಅತ್ಯಗತ್ಯವಾದುವು ಚಿತ್ರಗಳಲ್ಲ, ಹದಿನಾಲ್ಕು ಶಿಲುಬೆಗಳು. ಚಿತ್ರ ಎಷ್ಟೇ ಬೆಲೆಬಾಳುವುದಾಗಿರಲಿ, ಅದರೊಂದಿಗಿರುವ ಪುಟ್ಟ ಮರದ ಶಿಲುಬೆಯೇ ನಿಲುಗಡೆಯ ಗುರುತು. ಒಂದರಿಂದ ಮತ್ತೊಂದಕ್ಕೆ ನಡೆಯಬೇಕೆಂಬುದೂ ನಿಯಮವೇ. ಜನಸಂದಣಿಯಲ್ಲಿ ಎಲ್ಲರೂ ನಡೆಯಲಾಗದಿದ್ದರೆ ಮುಂದಾಳಾದವರು ನಡೆದರೆ ಸಾಕು. ಇದು ಯಾತ್ರೆ ಎಂಬುದನ್ನು ಧರ್ಮಸಭೆ ಮರೆತಿಲ್ಲ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಇದೇ ಉತ್ತರ.

ಪ್ರಭು ಮೂರು ಸಲ ಬಿದ್ದದ್ದು, ತಾಯಿ ಮರಿಯಮ್ಮನವರನ್ನು ಎದುರುಗೊಂಡದ್ದು, ವೆರೋನಿಕ ಮುಖ ಒರೆಸಿದ್ದು ಶುಭಸಂದೇಶಗಳಲ್ಲಿ ಇಲ್ಲವಲ್ಲ ಎಂದು ಕೆಲವರು ಕೇಳುವುದುಂಟು. ನಿಜ, ಇವು ಪರಂಪರೆಯ ಭಕ್ತಿಯಿಂದ ಬಂದುವು. 1991ರ ಶುಭ ಶುಕ್ರವಾರದಂದು ಜಗದ್ಗುರು ಎರಡನೆಯ ಜಾನ್ ಪೌಲರು ಸಂಪೂರ್ಣವಾಗಿ ಶುಭಸಂದೇಶಗಳನ್ನೇ ಆಧರಿಸಿದ ಹದಿನಾಲ್ಕು ನಿಲುಗಡೆಗಳ ಕ್ರಮವೊಂದನ್ನು ಆಚರಿಸಿದರು. ಹಳೆಯದನ್ನು ಅವರು ಕೈಬಿಡಲಿಲ್ಲ. ಜೆರೂಸಲೇಮಿನ ಇಂದಿನ ಹಾದಿ ಕೂಡ ಪ್ರಭು ನಡೆದ ಬೀದಿಯೇ ಎಂದು ವಿದ್ವಾಂಸರು ಖಚಿತವಾಗಿ ಹೇಳಲಾರರು. ಪಿಲಾತನ ನ್ಯಾಯಸ್ಥಾನ ನಗರದ ಪಶ್ಚಿಮದಲ್ಲಿದ್ದ ಹೆರೋದನ ಅರಮನೆಯಲ್ಲಿತ್ತೆಂಬುದು ಹಲವರ ಮತ. ಆದರೇನು? ಆ ಕಲ್ಲುಹಾಸಿನ ಮೇಲೆ ಬಿದ್ದ ಶತಮಾನಗಳ ಕಣ್ಣೀರು ಸುಳ್ಳಲ್ಲ.

ಗೋಡೆಯ ಮೇಲಿನ ಜೆರೂಸಲೇಮ್

1964ರ ಜನವರಿಯಲ್ಲಿ ಜಗದ್ಗುರು ಆರನೆಯ ಪೌಲರು ಯಾತ್ರಿಕರಾಗಿ ಜೆರೂಸಲೇಮಿಗೆ ಹೋಗಿ, ಪೂರ್ವ ಸಭೆಯ ಪಿತೃಪ್ರಧಾನ ಅಥೆನಾಗೊರಸರನ್ನು ಆಲಂಗಿಸಿದರು. ಒಂಬೈನೂರು ವರ್ಷಗಳ ವಿರಸದ ಗೋಡೆ ಅಂದು ಸ್ವಲ್ಪ ಬಿರುಕು ಬಿಟ್ಟಿತು. ಇಂದು ವಿಮಾನವೇರಿ ಪವಿತ್ರ ನಾಡಿಗೆ ಹೋಗಿ ಬಂದವರು ನಮ್ಮ ನಡುವೆಯೂ ಇದ್ದಾರೆ. ಅದು ಭಾಗ್ಯವೇ ಸರಿ. ಹೋಗಬಲ್ಲವರು ಹೋಗಿ ಬರಲಿ, ಎಜೀರಿಯಾಳಂತೆ ಉಳಿದವರಿಗೆ ಹೇಳಲಿ. ಆದರೆ ಆ ನಾಡಿನಲ್ಲಿ ಯುದ್ಧದ ಬೇಗೆ ಎದ್ದಾಗಲೆಲ್ಲ ಯಾತ್ರಿಕರ ದಾರಿ ಮುಚ್ಚುತ್ತದೆ, ಅಲ್ಲಿಯ ಕ್ರೈಸ್ತರು ಒಂಟಿಯಾಗುತ್ತಾರೆ ಎಂಬುದನ್ನು ನಾವು ಮರೆಯದೆ ಅವರಿಗಾಗಿ ಪ್ರಾರ್ಥಿಸಬೇಕು.

ಹೋಗಲಾರದೆ ಉಳಿದ ನಮ್ಮ ಹಿರಿಯರ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಅವರು ಏನನ್ನೂ ಕಳೆದುಕೊಳ್ಳಲಿಲ್ಲ. ದುಡಿದು ದಣಿದ ಕಾಲುಗಳಿಂದ ಶುಕ್ರವಾರದ ಸಂಜೆ ಈ ಹದಿನಾಲ್ಕು ಶಿಲುಬೆಗಳ ಕೆಳಗೆ ಅವರು ನಡೆದ ದೂರ ಕೆಲವೇ ಗಜಗಳು. ಆ ಕೆಲವು ಗಜಗಳಿಗೆ ಜೆರೂಸಲೇಮಿನ ಬೆಲೆಯನ್ನೇ ಕೊಟ್ಟಿತು ಧರ್ಮಸಭೆ. ತಮ್ಮ ಮಗುವನ್ನು ಮಣ್ಣು ಮಾಡಿ ಬಂದ ತಾಯಂದಿರು ನಾಲ್ಕನೆಯ ನಿಲುಗಡೆಯ ಎದುರು ಮರಿಯಮ್ಮನವರ ಮುಖ ನೋಡಿದ್ದಾರೆ. ಸಾಲದ ಹೊರೆ ಹೊತ್ತವರು ಐದನೆಯದರಲ್ಲಿ ಸಿರೇನ್ಯದ ಸಿಮೋನನನ್ನು ಕಂಡು ಸಮಾಧಾನ ಪಡೆದಿದ್ದಾರೆ. ಇದಕ್ಕಿಂತ ದೊಡ್ಡ ಯಾತ್ರೆ ಯಾವುದಿದೆ?

ಮುಂದಿನ ಸಲ ಈ ದೇವಾಲಯಕ್ಕೆ ಬಂದಾಗ, ಪ್ರಿಯ ವಾಚಕರೇ, ಗೋಡೆಯ ಮೇಲಿನ ಆ ಪುಟ್ಟ ಮರದ ಶಿಲುಬೆಯನ್ನೊಮ್ಮೆ ತಲೆಯೆತ್ತಿ ನೋಡಿರಿ. ಅದರ ಕೆಳಗೆ ನೂರು ವರ್ಷಗಳಿಂದ ಮೊಣಕಾಲೂರಿದ ನಿಮ್ಮ ಅಜ್ಜ ಅಜ್ಜಿಯರ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿರಿ. ಅನಂತರ ಒಂದು ಹೆಜ್ಜೆ ಮುಂದಿಡಿರಿ.